ಕಸ್ತೂರಿಯ ಒಂದೆಳೆ, ಅಮೋಘಸಿದ್ದನ ಎಂಬತ್ತೇಳು

ಕಸ್ತೂರಿಯನ್ನು ಮಾಲಿನ ಹಾಗೆ ಹರವಿ ನೋಡಿದರೆ (ಅವಳ ಗಂಡ ಅಮೋಘಸಿದ್ದ ಮನಸ್ಸಿನಲ್ಲಿ ಹಾಗೆ ನೋಡದ ದಿನವಿಲ್ಲ, ಬಾಯಿ ಬಿಟ್ಟು ಹೇಳಿದ ದಿನವೂ ಇಲ್ಲ) ದರ್ಜೆ ಹೀಗೆ ಬೀಳುತ್ತದೆ: ಬಣ್ಣ ಬಂಗಾರಕ್ಕಿಂತ ಒಂದು ಕೈ ಕೆಳಗೆ. ಗಾತ್ರ ಮಧ್ಯಮ. ಸುಕ್ಕು ಅಲ್ಲಲ್ಲಿ ಇದೆ, ಆದರೆ ಒಣದ್ರಾಕ್ಷಿ ವ್ಯಾಪಾರಿಯ ಕಣ್ಣಿಗೆ ಅದು ದೋಷವಲ್ಲ. ಹುಳಿ ಇದೆ, ಸಿಹಿ ಮುಂದೆ ಬಂದು ಹೋದ ಮೇಲೆ ನಿಧಾನಕ್ಕೆ ತಿಳಿಯುತ್ತದೆ. ಕಡ್ಡಿ ಕಸ ಇಲ್ಲ. ಮೂವತ್ತು ವರ್ಷ ಇಟ್ಟರೂ ಕೆಟ್ಟಿಲ್ಲ. ಇಂಥ ಮಾಲು ತಿಕೋಟಾ, ಬಬಲೇಶ್ವರ ಎರಡೂ ತಾಲೂಕು ಜರಡಿ ಹಿಡಿದರೂ ಸಿಗುವುದಿಲ್ಲ.

ಒಂದೇ ಕೊರತೆ. ಕಸ್ತೂರಿಯ ಅಡುಗೆಮನೆಯಲ್ಲಿ ಅಳತೆ ಎಂಬುದಿಲ್ಲ. ಅಲ್ಲಿ ಉಪ್ಪು "ಎಷ್ಟ ಹಿಡಿಸ್ತದೋ ಅಷ್ಟು", ನೀರು "ಮುಳುಗೂವಷ್ಟು", ಹುಣಸೆಹಣ್ಣು "ನೋಡಿ". ಸಕ್ಕರೆಪಾಕಕ್ಕಂತೂ ಬೆರಳೇ ತಕ್ಕಡಿ. ಒಂದು ಹನಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಬಿಡಿಸುತ್ತಾಳೆ. ನಡುವೆ ಎಳೆ ನಿಂತರೆ ಪಾಕ ಆಯಿತು, ಹರಿದರೆ ಆಗಿಲ್ಲ.

ಅಮೋಘಸಿದ್ದನಿಗೆ ಇದು ಬಗೆಹರಿಯದ ವಿಷಯ. ಅವನ ಬದುಕೆಲ್ಲ ನಡೆದಿರುವುದೇ ಒಂದು ಗೇಣಿನ ನಳಿಗೆಯ ಮೇಲೆ. ದ್ರಾಕ್ಷಿ ತೋಟಕ್ಕೆ ಹೋದವನೇ ಒಂದು ಕಾಯಿ ಹಿಸುಕಿ, ರಸದ ಹನಿಯನ್ನು ಆ ನಳಿಗೆಯ ತುದಿಯ ಗಾಜಿಗೆ ಬಿಟ್ಟು, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುತ್ತಾನೆ. ಒಳಗೆ ನೀಲಿ ಮುಗಿದು ಬಿಳಿ ಶುರುವಾಗುವಲ್ಲಿ ಒಂದು ಅಂಕಿ. ಇಪ್ಪತ್ತೆರಡು ಎಂದರೆ ನೂರು ಗ್ರಾಂ ರಸದಲ್ಲಿ ಇಪ್ಪತ್ತೆರಡು ಗ್ರಾಂ ಸಕ್ಕರೆ. ಇದಕ್ಕೆ ಬ್ರಿಕ್ಸ್ ಮೀಟರ್ ಎನ್ನುತ್ತಾರೆ. ಈ ಸೀಮೆಯ ದ್ರಾಕ್ಷಿ ಬೆಳೆಗಾರರ ಅಂಗಿಯ ಕಿಸೆಯಲ್ಲಿ ಪೆನ್ನು ಇಲ್ಲದಿದ್ದರೂ ಇದು ಇರುತ್ತದೆ.

ಹೀಗಿರುವಾಗ ಮಗಳು ಅನುರಾಧಾಳ ಕುಬಸ ಬಂತು. ನಿಡೋಣಿಗೆ ಕೊಟ್ಟ ಮಗಳು, ಏಳನೆಯ ತಿಂಗಳು, ಚೊಚ್ಚಲು. ತವರಿನವರು ಹಸಿರು ಸೀರೆ, ಬುತ್ತಿ ತೆಗೆದುಕೊಂಡು ಹೋಗಬೇಕು. ಬುತ್ತಿಯಲ್ಲಿ ನೂರಾ ಐವತ್ತೊಂದು ಬುಂದಿ ಉಂಡಿ. ಬೀಗಿತ್ತಿ ಭಾಗೀರಥೀಬಾಯಿ ಮೂವತ್ತೈದು ವರ್ಷ ಶಾಲೆಯಲ್ಲಿ ಹೆಡ್‌ಬಾಯಿಯಾಗಿದ್ದು ನಿವೃತ್ತರಾದವರು. ತಪ್ಪು ಹುಡುಕುವ ಕೆಲಸದಿಂದ ಮಾತ್ರ ಇನ್ನೂ ನಿವೃತ್ತರಾಗಿರಲಿಲ್ಲ. ಅಂಥವರೂ ನಿಶ್ಚಯದ ದಿನ ಕಸ್ತೂರಿಯ ಉಂಡಿ ತಿಂದು, "ಇದರಾಗ ತಪ್ಪ ಹುಡಕಾಕ ಕುಂತೇನಿ, ಸಿಗವಲ್ದು" ಎಂದಿದ್ದರು. ಆ ಮಾತನ್ನು ಕಸ್ತೂರಿ ಎರಡು ವರ್ಷದಿಂದ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಂತೆ ಓಡಾಡುತ್ತಿದ್ದಳು.

ಕುಬಸದ ಹಿಂದಿನ ದಿನ, ಮಾರ್ಚಿಯ ಬಿಸಿಲು ಏರುವ ಹೊತ್ತಿಗೆ ತಿಕೋಟಾದ ಮನೆಯ ಹಿತ್ತಲಲ್ಲಿ ಒಲೆ ಹೂಡಿದ್ದಾಯಿತು. ನಾಲ್ಕು ಕಿಲೋ ಸಕ್ಕರೆಯ ಪಾಕ ದೊಡ್ಡ ಬೋಗುಣಿಯಲ್ಲಿ ಕುದಿಯಿತು. ಕಸ್ತೂರಿ ಹನಿ ಹಿಡಿದು ಬೆರಳು ಬಿಡಿಸಿದಳು.

"ಬಂತು," ಎಂದಳು.

ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅಮೋಘಸಿದ್ದ ಕೇಳಿದ: "ಏನ ಬಂತು?"

"ಎಳಿ ಬಂತು."

"ಎಷ್ಟ ಬಂತು?"

"ಎಳಿ ಬಂತು ಅಂದ್ನಲ್ರಿ. ಎಷ್ಟ ಅಂದ್ರ? ಒಂದ ಬಂತು."

"ಒಂದ ಅಂದ್ರ ನೂರಕ್ಕ ಎಷ್ಟು?"

"ನೂರ ಎಳಿ ಬಂದ್ರ ಅದು ನೂಲ ಆಗತೈತಿ, ಪಾಕ ಆಗೂದಿಲ್ಲ. ನಿಮಗ ಇವತ್ತ ಶೆಡ್ಡಿನ ಕಡೆ ಕೆಲಸ ಇಲ್ಲೇನು?"

ಕೆಲಸ ಇತ್ತು. ಊರ ಹೊರಗಿನ ಶೆಡ್ಡುಗಳಲ್ಲಿ, ಅಂತಸ್ತಿನ ಮೇಲೆ ಅಂತಸ್ತಾಗಿ ಬಿಗಿದ ನೆಟ್ಟಿನ ಬಲೆಗಳ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಆದರೆ ಅವನ ತಲೆಯಲ್ಲಿ ಒಂದು ಹುಳ ಹೊಕ್ಕಾಗಿತ್ತು. ಮೂವತ್ತು ವರ್ಷದಿಂದ ಈ ಹೆಂಗಸಿನ ಎರಡು ಬೆರಳಿನ ನಡುವೆ ನಿಲ್ಲುತ್ತಿರುವ ಆ ಎಳೆಗೆ ಒಂದು ಅಂಕಿ ಇರಲೇಬೇಕಲ್ಲ? ಇರುವ ಅಂಕಿ ಯಾರಿಗೂ ಗೊತ್ತಿಲ್ಲದೆ ಹೀಗೇ ಪೋಲಾಗಬೇಕೆ? ಮಾಲಿನ ಸಾಂದ್ರತೆ ತಿಳಿಯದೆ ಮಾಲನ್ನು ಹೊರಗೆ ಕಳಿಸುವುದು ಅವನ ಧರ್ಮಕ್ಕೇ ವಿರುದ್ಧ.

ಬಿಜಾಪುರದಲ್ಲಿ ಮಿಠಾಯಿ ಅಂಗಡಿ ಇಟ್ಟ ಗೆಳೆಯ ಬಾಬುಸಾಬನಿಗೆ ಫೋನು ಹಚ್ಚಿದ. (ಸರಕಾರ ವಿಜಯಪುರ ಎಂದು ಫಲಕ ಬದಲಿಸಿ ವರ್ಷಗಳಾದವು, ಅಮೋಘಸಿದ್ದನ ನಾಲಗೆ ಇನ್ನೂ ಹಳೆಯ ಸ್ಟಾಕು ಖರ್ಚು ಮಾಡುತ್ತಿದೆ.)

"ಒಂದೆಳಿ ಪಾಕ ಬ್ರಿಕ್ಸಿನಾಗ ಎಷ್ಟಪಾ?"

"ಎಪ್ಪತ್ತೊಂದು, ಎಪ್ಪತ್ತೆರಡು. ಯಾಕ ಸಾವಕಾರ, ದ್ರಾಕ್ಷಿ ಬಿಟ್ಟು ನಮ್ಮ ಧಂದೆಕ ಕೈ ಹಾಕಾಕತ್ತೀರೇನು?"

"ಹೆಂಡ್ತಿ ಪರೀಕ್ಷಾ ತಗೊಳ್ಳಾಕತ್ತೇನಿ."

"ಯಾ ಅಲ್ಲಾ!" ಎಂದು ಬಾಬುಸಾಬ ಫೋನಿಟ್ಟ. ಅದು ಎಚ್ಚರಿಕೆ ಎಂದು ಆಗ ಹೊಳೆಯಲಿಲ್ಲ.

ಅಷ್ಟರಲ್ಲಿ ಕಸ್ತೂರಿ ಬೋಗುಣಿಗೆ ತಟ್ಟೆ ಮುಚ್ಚಿ, ದೊಡ್ಡ ತೂತಿನ ಝಾರಿ ಕೇಳಿ ತರಲು ಪಕ್ಕದ ಮನೆಯ ರಾಚವ್ವನ ಕಡೆಗೆ ಹೋದಳು. ರಾಚವ್ವನ ಮನೆಗೆ ಹೋದವರು ಅರ್ಧ ತಾಸಿನೊಳಗೆ ಬಂದದ್ದು ಊರಲ್ಲಿ ಯಾರಿಗೂ ನೆನಪಿಲ್ಲ. ಅಮೋಘಸಿದ್ದ ಒಂದು ಬಟ್ಟಲು ಪಾಕ ಎತ್ತಿಕೊಂಡು, ಆರಿಸಿ, ನಳಿಗೆಯ ಗಾಜಿಗೆ ಹನಿ ಬಿಟ್ಟು ಕಣ್ಣಿಗೆ ಹಿಡಿದ.

ಏನೂ ಕಾಣಲಿಲ್ಲ. ಬರೀ ಬಿಳಿ.

ತಪ್ಪು ನಳಿಗೆಯದಲ್ಲ. ಅದು ದ್ರಾಕ್ಷಿಗೆಂದು ಮಾಡಿದ್ದು, ಅದರ ಏಣಿ ಮೂವತ್ತೆರಡಕ್ಕೇ ಮುಗಿಯುತ್ತದೆ. ಪಾಕ ಅದರ ತಲೆಯ ಮೇಲೆಲ್ಲೋ ಅಟ್ಟದಲ್ಲಿ ಕೂತಿದೆ. ಆದರೆ ವ್ಯಾಪಾರಿ ಎಂದರೆ ಏಣಿ ಸಾಲದಿದ್ದರೆ ಅಟ್ಟವನ್ನೇ ಕೆಳಗಿಳಿಸುವವನು. ಪಾಕಕ್ಕೆ ನೀರು ಬೆರೆಸಿ ತೆಳುಮಾಡಿ ಅಳೆಯುವುದು, ಎಷ್ಟು ತೆಳು ಮಾಡಿದೆವೋ ಅಷ್ಟರಿಂದ ಗುಣಿಸುವುದು! ಈ ಯುಕ್ತಿ ಹೊಳೆದಾಗ ಅಮೋಘಸಿದ್ದನಿಗೆ ತಾನು ಪಿಯುಸಿಯಲ್ಲಿ ಸೈನ್ಸ್ ಬಿಟ್ಟದ್ದು ದೇಶಕ್ಕೆ ಆದ ನಷ್ಟ ಎನ್ನಿಸಿತು.

ಕಪಾಟಿನಲ್ಲಿ ಕೆಮ್ಮಿನ ಔಷಧದ ಬಾಟಲಿಯ ಮುಚ್ಚಳ ಸಿಕ್ಕಿತು, ಹತ್ತು ಎಂಎಲ್ ಗೆರೆ ಇದ್ದದ್ದು. ಒಂದು ಮುಚ್ಚಳ ಪಾಕ. ಎರಡು ಮುಚ್ಚಳ ನೀರು. ಒಟ್ಟು ಮೂರು. ಕಲಸಿ, ಹನಿ ಬಿಟ್ಟು, ಕಣ್ಣು ಮುಚ್ಚಿದ. ಇಪ್ಪತ್ತೊಂಬತ್ತು. ಮೂರಲೆ ಎಂಬತ್ತೇಳು.

ಎಂಬತ್ತೇಳು! ಬೇಕಾದದ್ದು ಎಪ್ಪತ್ತೆರಡು. ಇದು ಪಾಕವಲ್ಲ, ಕಲ್ಲು. ನಾಳೆ ನಿಡೋಣಿಯಲ್ಲಿ ಭಾಗೀರಥೀಬಾಯಿಯವರು ಉಂಡಿ ಕಚ್ಚುತ್ತಾರೆ, ಕಟ್ಟಿಸಿದ ಹಲ್ಲು ಉಂಡಿಯಲ್ಲೇ ಉಳಿಯುತ್ತದೆ, ಮಗಳು ಜನ್ಮವಿಡೀ ಆ ಹಲ್ಲಿನ ಕಥೆ ಕೇಳಬೇಕಾಗುತ್ತದೆ. ಪಾಪ, ಕಸ್ತೂರಿಗೆ ವಯಸ್ಸಾಯಿತು, ಬೆರಳು ಮೊದಲಿನಂತಿಲ್ಲ. ಹೇಳಿದರೆ ನೊಂದುಕೊಳ್ಳುತ್ತಾಳೆ. ಹೇಳದೆ ಸರಿಪಡಿಸುವುದೇ ಗಂಡನ ಲಕ್ಷಣ.

ಬೋಗುಣಿಯಲ್ಲಿ ಐದೂವರೆ ಕಿಲೋ ಪಾಕ ಎಂದು ಕಣ್ಣಳತೆಯಲ್ಲೇ ಹೇಳಿಕೊಂಡ. ಎಂಬತ್ತೇಳನ್ನು ಎಪ್ಪತ್ತೆರಡಕ್ಕೆ ಇಳಿಸಲು ಬೇಕಾದ ನೀರು ಒಂದು ಕಿಲೋ ನೂರಾ ಐವತ್ತು ಗ್ರಾಂ. ಲೆಕ್ಕ ಎರಡು ಸಲ ಮಾಡಿದ, ಎರಡು ಸಲವೂ ಅಷ್ಟೇ ಬಂತು. ಒಂದು ತಂಬಿಗೆ, ಮೇಲೆ ಅರ್ಧ ಲೋಟ ಬಿಸಿನೀರು ಸುರಿದು, ಸೌಟಿನಿಂದ ತಿರುವಿ, ತಟ್ಟೆ ಮುಚ್ಚಿ, ಮೊದಲಿನಂತೆ ಕುರ್ಚಿಯಲ್ಲಿ ಕೂತು ಪೇಪರು ಹಿಡಿದ. ಪೇಪರು ತಲೆಕೆಳಗಾಗಿರಲಿಲ್ಲ. ಅಷ್ಟು ಎಚ್ಚರ ಅವನಿಗಿದೆ.

ಕಸ್ತೂರಿ ಬಂದಳು. ಹಿಟ್ಟು ಝಾರಿಯಿಂದ ಎಣ್ಣೆಗೆ ಮಳೆಯಂತೆ ಬಿತ್ತು, ಬುಂದಿ ಉಬ್ಬಿ ಎದ್ದಿತು, ಪಾಕಕ್ಕೆ ಇಳಿಯಿತು, ಕುಡಿಯಿತು. ತುಪ್ಪ, ಯಾಲಕ್ಕಿ, ಮನೆಯದೇ ಒಣದ್ರಾಕ್ಷಿ ಎಲ್ಲ ಬಿತ್ತು. ಹನ್ನೆರಡರ ಸುಮಾರಿಗೆ ಕೈಗೆ ತುಪ್ಪ ಸವರಿ ಮೊದಲ ಉಂಡಿ ಕಟ್ಟಿದಳು. ತಟ್ಟೆಯಲ್ಲಿಟ್ಟಳು. ಅದು ಒಂದು ಕ್ಷಣ ಉಂಡಿಯಾಗಿತ್ತು. ಆಮೇಲೆ ನಿಟ್ಟುಸಿರು ಬಿಟ್ಟಂತೆ ಕುಸಿದು ಸಗಣಿ ಕುಳ್ಳಿನ ಆಕಾರದಲ್ಲಿ ಕೂತಿತು.

ಎರಡನೆಯದೂ ಕೂತಿತು. ಮೂರನೆಯದು ಕಟ್ಟಲೇ ಬರಲಿಲ್ಲ, ಬೆರಳ ಸಂದಿಯಿಂದ ನೀರಿಳಿಯಿತು.

"ಹಿಟ್ಟು ಚಲೋ ಇಲ್ಲೇನೋ," ಎಂದ ಅಮೋಘಸಿದ್ದ.

"ಹಿಟ್ಟ ನಾನ ಬೀಸಿಸೇನಿ."

"ಗ್ಯಾಸ್ ಸಣ್ಣ ಉರೀತೇನೋ."

"ಕಟಗಿ ಒಲಿ ಮ್ಯಾಲ ಮಾಡೇನ್ರಿ."

"ಹಂಗಾದ್ರ ಹವಾ..."

ಕಸ್ತೂರಿ ಕೈ ತೊಳೆದುಕೊಂಡು ಬಂದು ಕಟ್ಟೆಯ ಮೇಲೆ ಕೂತು ತನ್ನ ಎರಡು ಬೆರಳನ್ನು ಕೂಡಿಸಿ, ಬಿಡಿಸಿ, ಕೂಡಿಸಿ ನೋಡಿಕೊಂಡಳು. "ಕೈ ಹೋತ್ರಿ," ಎಂದಳು. "ಎಳಿ ನಿಂತದ್ದು ಕಣ್ಣಾರ ಕಂಡಿನ್ನಿ. ಕಣ್ಣ ಹೋಗೇತೋ, ಬೆರಳ ಹೋಗೇತೋ. ಇನ್ನ ನಾ ಪಾಕ ಹಿಡಿಯೂದಿಲ್ಲ. ನಾಳೆ ಬಾಬುಸಾಬನ ಅಂಗಡಿ ಉಂಡಿ ಒಯ್ಯೂಣು. ಭಾಗೀರಥೀಬಾಯಾರು ಏನ ಅಂತಾರೋ ಅನ್ನವಲ್ರ್ಯಾಕ."

ಅಮೋಘಸಿದ್ದ ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಷ್ಟದ ಸುದ್ದಿ ಹೇಳುವ ಮೊದಲು ಕಾರಣ ಹುಡುಕಿಟ್ಟುಕೊಳ್ಳುವುದು ಅವನ ವ್ಯಾಪಾರದ ರೂಢಿ. "ಒಂದ ಫೋನ್ ಮಾಡಿ ಬರ್ತೇನಿ" ಎಂದು ಪಡಸಾಲೆಗೆ ಬಂದು ಬಾಗಿಲು ಮುಂದಕ್ಕೆ ಮಾಡಿದ. ಬಟ್ಟಲಲ್ಲಿ ಮೂಲ ಪಾಕ ಇನ್ನೂ ಮಿಕ್ಕಿತ್ತು.

ಮತ್ತೆ ಅಳೆದ. ಈ ಸಲ ಒಂದು ಮುಚ್ಚಳ ಪಾಕಕ್ಕೆ ಮೂರು ಮುಚ್ಚಳ ನೀರು. ಇಪ್ಪತ್ತೆರಡೂವರೆ ಬಂತು. ನಾಲ್ಕರಿಂದ ಗುಣಿಸಿದ. ತೊಂಬತ್ತು.

ಇದೇನಿದು? ಎಂಬತ್ತೇಳು ಇದ್ದದ್ದು ಕೂತಲ್ಲೇ ತೊಂಬತ್ತಾಯಿತೆ? ಒಂಬತ್ತು ಮುಚ್ಚಳ ನೀರು ಹಾಕಿ ನೋಡಿದ. ಒಂಬತ್ತೂವರೆ. ಹತ್ತಲೆ ತೊಂಬತ್ತೈದು.

ಅಮೋಘಸಿದ್ದ ನಳಿಗೆಯನ್ನು ಕೆಳಗಿಟ್ಟು ಬಟ್ಟಲನ್ನು ಹೊಸ ಗೌರವದಿಂದ ನೋಡಿದ. ಇದು ನೀರು ಹಾಕಿದಷ್ಟೂ ಸಿಹಿಯಾಗುವ ಪಾಕ. ಹೀಗೇ ಹೋದರೆ, ಡೋಣಿ ಹೊಳೆಗೆ ಒಂದು ಮುಚ್ಚಳ ಸುರಿದು ನೂರು ಕ್ವಿಂಟಲ್ ಸಕ್ಕರೆ ತೆಗೆಯಬಹುದು. ಇಂಥ ಲಾಭ ಕಂಡಾಗ ಅನನುಭವಿ ಕುಣಿಯುತ್ತಾನೆ. ಅನುಭವಿ ತೂಕದಲ್ಲಿ ಮೋಸ ಎಲ್ಲಿದೆ ಎಂದು ಹುಡುಕುತ್ತಾನೆ.

ತೂಕ!

ಮಾದರಿ ತೂಗುವ ಸಣ್ಣ ತಕ್ಕಡಿ ಮೂಲೆಯಲ್ಲೇ ಇತ್ತು, ಗ್ರಾಂ ತೋರಿಸುವಂಥದ್ದು. ಒಂದು ಮುಚ್ಚಳ ನೀರು ಇಟ್ಟ. ಹತ್ತು ಗ್ರಾಂ. ಅದೇ ಮುಚ್ಚಳದ ತುಂಬ ಪಾಕ ಇಟ್ಟ. ಹದಿಮೂರೂವರೆ ಗ್ರಾಂ.

ಮುಚ್ಚಳ ಒಂದೇ, ಒಳಗಿನ ಭಾರ ಬೇರೆ. ನಳಿಗೆ ಹೇಳುವುದು ನೂರು ಗ್ರಾಮಿಗೆ ಎಷ್ಟು ಗ್ರಾಂ ಎಂದು. ಇವನು ತೆಳುಮಾಡಿದ್ದು ಮುಚ್ಚಳದಿಂದ. ಎರಡು ಮುಚ್ಚಳ ನೀರು ಹಾಕಿ ಮೂರು ಪಾಲು ಮಾಡಿದೆ ಎಂದುಕೊಂಡ. ತೂಕದಲ್ಲಿ ಅದು ಎರಡೂವರೆ ಪಾಲೂ ಆಗಿರಲಿಲ್ಲ. ಮೂವತ್ತು ವರ್ಷ ಯಾವ ರೈತನಿಂದಲೂ ಬುಟ್ಟಿ ಲೆಕ್ಕದಲ್ಲಿ ದ್ರಾಕ್ಷಿ ಕೊಳ್ಳದವನು, ಸ್ವಂತ ಅಡುಗೆಮನೆಯಲ್ಲಿ ಕೆಮ್ಮಿನ ಔಷಧದ ಮುಚ್ಚಳಕ್ಕೆ ಮೋಸಹೋಗಿದ್ದ.

ಈಗ ತೂಗಿಯೇ ಬೆರೆಸಿದ. ಹತ್ತು ಗ್ರಾಂ ಪಾಕ, ಇಪ್ಪತ್ತು ಗ್ರಾಂ ನೀರು. ಹನಿ ಬಿಟ್ಟು ಕಣ್ಣಿಗೆ ಹಿಡಿದ. ಇಪ್ಪತ್ನಾಲ್ಕು. ಮೂರಲೆ ಎಪ್ಪತ್ತೆರಡು.

ಕಸ್ತೂರಿಯ ಬೆರಳು ಎಪ್ಪತ್ತೆರಡಕ್ಕೇ ಎಳೆ ನಿಲ್ಲಿಸಿತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಅದನ್ನು ಕೆಡಿಸಿ ಅರವತ್ತಕ್ಕೆ ಇಳಿಸಿದವನು ಪಡಸಾಲೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂತಿದ್ದಾನೆ.

ಬಾಗಿಲು ತೆರೆಯಿತು. ಎರಡು ಗಂಟೆಯಾಗಿತ್ತು. ಕಸ್ತೂರಿ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. ಮುಖದಲ್ಲಿ ಒಂದು ವಿಚಾರ ಇತ್ತು.

"ಏನ್ರಿ, ಶೆಡ್ಡಿನ ಗಾಳಿ ದ್ರಾಕ್ಷಿ ನೀರ ಎಳಕೋತೈತಲ್ಲ, ಬುಂದಿ ನೀರ ಎಳಕೊಳ್ಳೂದಿಲ್ಲೇನು? ಧೋತರ ಹಾಸಿ ನೆಟ್ಟಿನ ಮ್ಯಾಲ ತೆಳ್ಳಗ ಹರವಿ ಬಿಡೂಣು. ಗಂಧಕದ ಹೊಗಿ ಹಾಕಿದ ಶೆಡ್ ಬ್ಯಾಡ ಮತ್ತ, ಉಂಡಿಗೆ ವಾಸನಿ ಹತ್ತತೈತಿ. ಹೊಸಾ ಶೆಡ್."

ಅಮೋಘಸಿದ್ದ ಬೆರಗಾದ. ನಾಲ್ಕು ಕಿಲೋ ದ್ರಾಕ್ಷಿ ಒಣಗಿ ಒಂದು ಕಿಲೋ ಆಗುವುದನ್ನು ಪ್ರತಿ ವರ್ಷ ನೋಡುವವನು ಅವನು. ನೀರು ಹೋದರೆ ಉಳಿದದ್ದು ಗಟ್ಟಿ ಎಂಬ ಒಂದೇ ಸತ್ಯದ ಮೇಲೆ ಮಾಳಿಗೆ ಕಟ್ಟಿಸಿದವನು. ಅವನಿಗೆ ಹೊಳೆಯದ್ದು ಇವಳಿಗೆ ಹೊಳೆಯಿತು.

ಬುಂದಿಯನ್ನು ಟಾಟಾ ಏಸ್ ಗಾಡಿಗೆ ಹೇರಿ ಶೆಡ್ಡಿಗೆ ಒಯ್ದರು. ದೊಡ್ಡ ತಕ್ಕಡಿಯ ಮೇಲಿಟ್ಟು ತೂಗಿ, ಹರವುವ ಮುಂಚೆ ಅಮೋಘಸಿದ್ದ ಉತ್ಸಾಹದಲ್ಲಿ ಅಂದುಬಿಟ್ಟ: "ಒಂದ ಕಿಲೋ ನೂರಾ ಐವತ್ತ ಗ್ರಾಂ ಇಳಿದ್ರ ಸಾಕು, ತಗದ ಬಿಡೂಣು."

ಕಸ್ತೂರಿ ಧೋತರದ ಚುಂಗು ಹಿಡಿದವಳು ಹಾಗೇ ನಿಂತಳು. "ಅಷ್ಟ ಬರೋಬರಿ ಹ್ಯಾಂಗ ಗೊತ್ತಾತ್ರಿ?"

"ಅಂದಾಜು."

ಮೂವತ್ತು ವರ್ಷದ ಸಂಸಾರದಲ್ಲಿ ಅವನ ಬಾಯಿಂದ ಆ ಪದ ಬಿದ್ದದ್ದು ಅದೇ ಮೊದಲು. ಕಸ್ತೂರಿ "ಹಾಂ" ಎಂದಳು, ಅಷ್ಟೇ. ಬುಂದಿ ಹರವಿದಳು. ಬಿಸಿಗಾಳಿ ನೆಟ್ಟಿನ ಕೆಳಗಿಂದ ಹಾಯ್ದು ಮೇಲಕ್ಕೆ ಹೋಯಿತು. ಅರ್ಧ ತಾಸಿಗೊಮ್ಮೆ ಅವನು ತೂಗಿದ, ಅವಳು ಹಿಚುಕಿ ನೋಡಿದಳು. ಐದರ ಹೊತ್ತಿಗೆ ತಕ್ಕಡಿ ಒಂದು ಕಿಲೋ ನೂರಾ ನಲವತ್ತು ಇಳಿದದ್ದು ತೋರಿಸಿತು. ಅದೇ ಕ್ಷಣಕ್ಕೆ ಕಸ್ತೂರಿ ಅತ್ತ ನೋಡದೆಯೇ "ಸಾಕು, ತಗೀರಿ" ಎಂದಳು. ದಿನ ಮುಳುಗುವುದರೊಳಗೆ ನೂರಾ ಐವತ್ತೊಂದು ಉಂಡಿ ಸಾಲಾಗಿ ಕೂತವು. ಒಂದೂ ಕುಸಿಯಲಿಲ್ಲ.

ಮರುದಿನ ಬಬಲೇಶ್ವರದ ಮೇಲೆ ಹಾದು ನಿಡೋಣಿ ಮುಟ್ಟಿದರು. ಅನುರಾಧಾ ಹಸಿರು ಸೀರೆ, ಕೈ ತುಂಬ ಹಸಿರು ಬಳೆ ತೊಟ್ಟು ಮಣೆಯ ಮೇಲೆ ಕೂತಿದ್ದಳು. ಆರತಿ ಆಯಿತು, ಹಾಡು ಆಯಿತು, ಬುತ್ತಿ ಬಿಚ್ಚಿದ್ದಾಯಿತು. ಭಾಗೀರಥೀಬಾಯಿ ಒಂದು ಉಂಡಿ ತೆಗೆದುಕೊಂಡು ಮುರಿದರು, ಮೂಸಿದರು, ತಿಂದರು. ಅಷ್ಟು ಹೆಂಗಸರ ಬಾಯಿ ಅವರ ತೀರ್ಪಿಗಾಗಿ ನಿಂತಿತ್ತು.

"ಮದಲಿನಕಿಂತಾ ಚಲೋ ಆಗ್ಯಾವ," ಎಂದರು. "ಏನ ಮಾಡೀರಿ ಕಸ್ತೂರಿ?"

"ಇದರಾಗ ನಂದೇನಿಲ್ಲ ಅಕ್ಕಾರ," ಎಂದಳು ಕಸ್ತೂರಿ. "ನನ್ನ ಪಾಕ ಕೆಟ್ಟಿತ್ತು. ಗಾಳಿಗೆ ಹಾಕಿ ಹ್ಯಾಂಗೋ ಉಳಿಸಿಕೊಂಡೇನಿ. ಕೈ ಹೋತು. ತೊಟ್ಟಿಲ ಕಾರ್ಯಕ್ಕ ಅಂಗಡಿವ ತರ್ತೀವಿ."

ಅನುರಾಧಾಳ ಮುಖ ಬಾಡಿತು. "ಯವ್ವಾ, ನನ್ನ ಕೂಸಿನ ತೊಟ್ಟಿಲಕ್ಕ ಅಂಗಡಿ ಉಂಡಿ ಏನ ಬೇ?"

ಬಾಗಿಲ ಬಳಿ ಗಂಡಸರ ಸಾಲಿನಲ್ಲಿ ಕೂತಿದ್ದ ಅಮೋಘಸಿದ್ದ ತಿನ್ನುತ್ತಿದ್ದ ಉಂಡಿಯನ್ನು ತಟ್ಟೆಗಿಟ್ಟ. ಎದ್ದುನಿಂತ. "ಪಾಕ ಕೆಟ್ಟಿದ್ದಿಲ್ರಿ. ನಾ ಕೆಡಿಸಿನ್ನಿ. ಆಕಿ ರಾಚವ್ವನ ಮನಿಗೆ ಹೋದಾಗ ನೀರ ಸುರುವೇನಿ."

ಭಾಗೀರಥೀಬಾಯಿ ಕನ್ನಡಕ ಏರಿಸಿದರು. "ಬೀಗರ, ಇತ್ಲಾಗ ಬರ್ರಿ. ಮುಂದ ಬಂದ ನಿಂತು ಸಾವಕಾಶ ಹೇಳ್ರಿ. ಯಾಕ ಸುರುವಿದ್ರಿ?"

ಇಪ್ಪತ್ತೈದು ಹೆಂಗಸರ ಮುಂದೆ, ಹಸಿರು ಬಳೆಗಳ ನಡುವೆ, ತಿಕೋಟಾದ ಒಣದ್ರಾಕ್ಷಿ ಸಾವಕಾರ ಕೈ ಕಟ್ಟಿಕೊಂಡು ನಿಂತು ನಳಿಗೆ, ಮುಚ್ಚಳ, ಮೂರಲೆ ಎಂಬತ್ತೇಳು, ಹತ್ತಲೆ ತೊಂಬತ್ತೈದು ಎಲ್ಲ ಒಪ್ಪಿಸಿದ. ನಡುನಡುವೆ ಭಾಗೀರಥೀಬಾಯಿ "ದೊಡ್ಡ ದನಿಲೆ ಹೇಳ್ರಿ, ಹಿಂದಿನವ್ರಿಗೆ ಕೇಳಿಸವಲ್ದು" ಎನ್ನುತ್ತಿದ್ದರು. ಹೊಳೆಗೆ ಪಾಕ ಸುರಿಯುವಲ್ಲಿಗೆ ಬರುವ ಹೊತ್ತಿಗೆ ಅನುರಾಧಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನನಗ ಶೆಡ್ಡಿನಾಗ ಗೊತ್ತಾತು," ಎಂದಳು ಕಸ್ತೂರಿ ಶಾಂತವಾಗಿ. "ಒಂದ ಕಿಲೋ ನೂರಾ ಐವತ್ತ ಅಂದಾಗ. ಸುರುವಿದಾವಂಗ ಬಿಟ್ರ ಯಾರಿಗೆ ಗೊತ್ತಿರತೈತಿ? ಆದ್ರ ಒಂದ ಮಾತು ಕೇಳಲೇನ್ರಿ? ನಾಕ ಕಿಲೋ ಸಕ್ರಿ ಹಾಕಿದ್ದು ನಿಮ್ಮ ಮುಂದನ. ಕುದ್ದ ಮ್ಯಾಲ ಬೋಗುಣಿ ತಕ್ಕಡಿಗೆ ಇಟ್ಟಿದ್ರ ಪಾಕ ಎಷ್ಟೈತಿ ಅಂತ ತಿಳೀತಿತ್ತು. ಅದರಾಗ ನಾಕ ಕಿಲೋ ಸಕ್ರಿ. ಅಲ್ಲಿಗೆ ನಿಮ್ಮ ನೂರಕ್ಕ ಎಷ್ಟು ಅನ್ನೂದು ಬಂದ ಬಿಡ್ತಿತ್ತಲ್ಲ? ನಳಿಗಿ ಯಾಕ ಬೇಕಿತ್ತು?"

ಅಮೋಘಸಿದ್ದ ನಿಂತಲ್ಲೇ ಲೆಕ್ಕ ಹಾಕಿದ. ಐದೂವರೆ ಕಿಲೋದಲ್ಲಿ ನಾಲ್ಕು. ಎಪ್ಪತ್ತೆರಡು ಮತ್ತು ಚಿಲ್ಲರೆ. ತಕ್ಕಡಿ ಹಿಡಿದು ಹೊಟ್ಟೆ ಹೊರೆಯುವವನಿಗೆ ಬೋಗುಣಿ ತೂಗಬೇಕೆಂಬುದು ತೋಚಿರಲಿಲ್ಲ.

"ಕುಂಡರ್ರಿ," ಎಂದರು ಭಾಗೀರಥೀಬಾಯಿ, ಮಾರ್ಕು ಹಾಕಿ ಮುಗಿಸಿದವರಂತೆ.

ಅವನು ಕೂರುವ ಮೊದಲು ಕಸ್ತೂರಿ ಸ್ವಲ್ಪ ದನಿ ತಗ್ಗಿಸಿ ಕೇಳಿದಳು: "ಖರೇ ಹೇಳ್ರಿ. ನೀರ ಹಾಕೂಕಿಂತ ಮೊದ್ಲ ನನ್ನ ಪಾಕ ಎಷ್ಟಿತ್ತು?"

"ಎಪ್ಪತ್ತೆರಡು."

"ಎಷ್ಟ ಇರಬೇಕಿತ್ತು?"

"ಎಪ್ಪತ್ತೆರಡು."

ಕಸ್ತೂರಿ ತನ್ನ ಎರಡು ಬೆರಳನ್ನು ಒಮ್ಮೆ ನೋಡಿಕೊಂಡು, ತಟ್ಟೆಯಿಂದ ಒಂದು ಉಂಡಿ ತೆಗೆದುಕೊಂಡಳು. ಹಿಂದಿನ ದಿನದಿಂದ ಅವಳು ಒಂದನ್ನೂ ಬಾಯಿಗೆ ಹಾಕಿರಲಿಲ್ಲ ಎಂಬುದು ಅಮೋಘಸಿದ್ದನಿಗೆ ಆಗ ಗೊತ್ತಾಯಿತು. "ತೊಟ್ಟಿಲಕ್ಕ ನಾನ ಕಟ್ತೇನಿ," ಎಂದು ಮಗಳ ಕಡೆ ತಿರುಗಿ ಹೇಳಿದಳು. "ನಿಮ್ಮಪ್ಪ ಒಲಿ ಮುಂದ ಕುಂತು ಬುಂದಿ ಕರೀತಾನ."

ಮೊದಲ ಉಂಡಿ ಕುಸಿದದ್ದು ಹನ್ನೆರಡಕ್ಕೆ, ಶೆಡ್ಡಿನಲ್ಲಿ ಅವನ ಬಾಯಿ ಜಾರಿದ್ದು ಎರಡರ ಮೇಲೆ. ಆ ಎರಡು ತಾಸು ಕಸ್ತೂರಿ ತನ್ನ ಕೈ ಹೋಯಿತೆಂದೇ ನಂಬಿ ಕೂತಿದ್ದಳು, ಅವನಿಗೆ ನಿಜ ಗೊತ್ತಿದ್ದೂ ಬಾಗಿಲ ಈಚೆ ಸುಮ್ಮನಿದ್ದ. ಆ ಎರಡು ತಾಸು ಅಮೋಘಸಿದ್ದನ ಲೆಕ್ಕದಲ್ಲಿ ಅವಳಿಗೆ ಕೊಡಬೇಕಾದ ಬಾಕಿ.